ಎಂಜಿನ್ನಿಗೆ ತಿದಿ ಒತ್ತಿದರೆ

ಹಳ್ಳಿಯ ಕುಲುಮೆಯನ್ನು ಕಂಡವರಿಗೆ ತಿದಿಯ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೂದಿ ಹೊದ್ದು ಮಲಗಿದ ಕೆಂಡ, ಕಮ್ಮಾರ ನಾಲ್ಕು ಸಲ ತಿದಿ ಒತ್ತಿದನೆಂದರೆ ಧಗಧಗನೆ ಎದ್ದು ಕಬ್ಬಿಣವನ್ನೇ ಮೇಣದಂತೆ ಮೆತ್ತಗಾಗಿಸುತ್ತದೆ. ಇದ್ದಿಲು ಅದೇ, ಕುಲುಮೆಯೂ ಅದೇ. ಹೆಚ್ಚಾದದ್ದು ಗಾಳಿ ಮಾತ್ರ.

ವಾಹನದ ಎಂಜಿನ್ನಿಗೂ ಇಂಥ ಒಂದು ತಿದಿಯುಂಟು. ಅದರ ಹೆಸರು ಸೂಪರ್‌ಚಾರ್ಜರ್. ಪಂದ್ಯದ ಕಾರಿಗೆ ಅದನ್ನು ಜೋಡಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಪಂದ್ಯ ಮುಗಿದ ಮೇಲೆ ಎಂಜಿನ್ ಬಿಚ್ಚಿ ನೋಡಲು ಅಲ್ಲಿ ಹತ್ತು ಜನ ಕಾದಿರುತ್ತಾರೆ. ಆದರೆ ಬೆಳಗಾದರೆ ಕೆಲಸಕ್ಕೆ, ಸಂಜೆಯಾದರೆ ಅಂಗಡಿಗೆ, ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಡುವ ಪಿಕಪ್ ಟ್ರಕ್ಕಿಗೆ ಇದನ್ನು ಹಾಕಿಸಬಹುದೇ? ಅಮೆರಿಕದಲ್ಲಿ ಇದು ಗ್ಯಾರೇಜು ಗ್ಯಾರೇಜಿನಲ್ಲೂ ಕೇಳಿಬರುವ ಪ್ರಶ್ನೆ.

ಅಲ್ಲಿ ಪಿಕಪ್ ಎಂದರೆ ಬರಿಯ ಸರಕಿನ ಗಾಡಿಯಲ್ಲ. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ಪುಗಳು 1977ರಿಂದಲೂ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎಂಬ ಪಟ್ಟ ಬಿಟ್ಟುಕೊಟ್ಟಿಲ್ಲ. ಬಡಗಿ, ನಲ್ಲಿ ರಿಪೇರಿಯವನು, ರೈತ, ಕಟ್ಟಡದ ಗುತ್ತಿಗೆದಾರ ಎಲ್ಲರಿಗೂ ಅದೇ ಕಚೇರಿ, ಅದೇ ಉಪಕರಣದ ಪೆಟ್ಟಿಗೆ, ಮಕ್ಕಳನ್ನು ಶಾಲೆಗೆ ಬಿಡುವ ಕಾರೂ ಅದೇ. ಹಿಂದೆ ಟ್ರೇಲರ್ ಕಟ್ಟಿದರೆ ದನ, ದೋಣಿ, ಜೆಸಿಬಿಯ ಪುಟ್ಟ ತಮ್ಮ, ಎಲ್ಲವೂ ಅದರ ಬೆನ್ನು ಹತ್ತಿ ಬರುತ್ತವೆ. ಅಂಥ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತಿತೆಂದರೆ ಮಾಲೀಕನ ಸಂಪಾದನೆಯೂ ಒಂದು ವಾರ ನಿಂತಂತೆಯೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಸೂಪರ್‌ಚಾರ್ಜರಿನ ಗುಣದೋಷಗಳನ್ನು ನೋಡಬೇಕು.

ಗಾಳಿಯ ಲೆಕ್ಕ

ಪೆಟ್ರೋಲ್ ಎಂಜಿನ್ ಪೆಟ್ರೋಲಿನಿಂದ ಓಡುತ್ತದೆ ಎನ್ನುವುದು ಅರ್ಧ ಸತ್ಯ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ! ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ. ಅದಕ್ಕೆ ತಕ್ಕ ಗಾಳಿಯನ್ನು ಒಳಕ್ಕೆ ತರುವುದೇ ಕಷ್ಟ.

ಸಾಧಾರಣ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ತೆರವುಂಟಾಗಿ, ಹೊರಗಿನ ಗಾಳಿ ತಾನಾಗಿ ಒಳನುಗ್ಗುತ್ತದೆ. ಅದನ್ನು ತಳ್ಳುವುದು ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿ ಇದು ಚದರ ಇಂಚಿಗೆ 14.7 ಪೌಂಡು. (ಗಾಳಿಯ ತೂಕದ ಲೆಕ್ಕದಲ್ಲೂ ಇದೇ ಅಂಕಿ ಬಂದದ್ದು ಕಾಕತಾಳೀಯ, ಎರಡಕ್ಕೂ ನಂಟಿಲ್ಲ.) ಮೇಲಕ್ಕೆ ಹೋದಂತೆ ಈ ಒತ್ತಡ ಇಳಿಯುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಹತ್ತನೆಯ ಒಂದು ಪಾಲು ಕಡಿಮೆ. 1,600 ಮೀಟರ್ ಎತ್ತರದ ಡೆನ್ವರ್ ನಗರದಲ್ಲಿ ಆರನೆಯ ಒಂದು ಪಾಲು ಇಲ್ಲ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದು, ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗ ತಲುಪುವ ವೇಳೆಗೆ ಮೂರನೆಯ ಒಂದು ಪಾಲು ಗಾಳಿಯೇ ಮಾಯ. ಗಾಳಿ ಹೋದಷ್ಟೇ ಎಂಜಿನ್ನಿನ ಕಸುವೂ ಹೋಯಿತು. ಹಿಂದೆ ಮೂರು ಟನ್ನಿನ ಟ್ರೇಲರ್ ಇದ್ದರಂತೂ ಟ್ರಕ್ಕು ಏದುಸಿರು ಬಿಡುತ್ತದೆ.

ಸೂಪರ್‌ಚಾರ್ಜರ್ ಇರುವುದು ಈ ಕೊರತೆಯನ್ನು ತುಂಬಲು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಈ ಪಂಪು ಹೊರಗಿನ ಗಾಳಿಯನ್ನು ಬಲವಂತವಾಗಿ ಸಿಲಿಂಡರಿಗೆ ತುರುಕುತ್ತದೆ. ದಿನಬಳಕೆಯ ಟ್ರಕ್ಕುಗಳಿಗೆ ಸಿಗುವ ಜೋಡಣೆಗಳು ಸಾಮಾನ್ಯವಾಗಿ ಚದರ ಇಂಚಿಗೆ 6ರಿಂದ 8 ಪೌಂಡಿನಷ್ಟು ಹೆಚ್ಚು ಒತ್ತಡ ಕೊಡುತ್ತವೆ. ಎಂದರೆ ಹೆಚ್ಚುಕಡಿಮೆ ಒಂದೂವರೆಪಟ್ಟು ಗಾಳಿ.

ಉಣ್ಣೆ ಗಿರಣಿಯಿಂದ ಪಂದ್ಯದ ಕಣಕ್ಕೆ

ಈ ಪಂಪು ಹುಟ್ಟಿದ್ದು ವಾಹನಕ್ಕಾಗಿ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರು ಉಣ್ಣೆ ಗಿರಣಿ ನಡೆಸುತ್ತಿದ್ದರು. ಗಿರಣಿಯ ನೀರಿನ ಚಕ್ರಕ್ಕೆ ಬದಲಾಗಿ ಇನ್ನೂ ಚುರುಕಾದ ಯಂತ್ರವೊಂದನ್ನು ಮಾಡಹೊರಟರು. ನೀರಿನ ಕೆಲಸಕ್ಕೆ ಅದು ಒದಗಲಿಲ್ಲ. ಆದರೆ ಒಣಗಿದ್ದಾಗ ತಿರುಗಿಸಿ ನೋಡಿದರೆ ರಭಸದಿಂದ ಗಾಳಿ ಊದುತ್ತಿತ್ತು. 1860ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಅದು ಮೊದಲು ಸೇರಿದ್ದು ಎಲ್ಲಿಗೆ ಗೊತ್ತೇ? ಕಬ್ಬಿಣ ಕರಗಿಸುವ ಕುಲುಮೆಗಳಿಗೆ. ತಿದಿಯ ಹೋಲಿಕೆ ಬರಿಯ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1870ರಲ್ಲಿ ನ್ಯೂಯಾರ್ಕ್ ನಗರದ ನೆಲದಡಿ ಗಾಳಿಯ ಒತ್ತಡದಿಂದಲೇ ಗಾಡಿ ಓಡಿಸಿ ತೋರಿಸಿದಾಗ, ಅದನ್ನು ತಳ್ಳಿದ್ದು ಸಹ ರೂಟ್ಸ್ ಸೋದರರ ಯಂತ್ರವೇ.

ಎಂಜಿನ್ನಿಗೆ ಪಂಪಿನಿಂದ ಗಾಳಿ ತುಂಬುವ ಆಲೋಚನೆಗೆ ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲಿಯೇ ಪೇಟೆಂಟು ಪಡೆದಿದ್ದ. 1921ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪನಿ ಸೂಪರ್‌ಚಾರ್ಜರ್ ಉಳ್ಳ ಕಾರುಗಳನ್ನು ಮುಂದಿಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ತೆಳುಗಾಳಿಯ ಎತ್ತರದಲ್ಲಿ ಹಾರಬೇಕಾದ ವಿಮಾನಗಳಿಗೆ ಇದು ಉಸಿರೇ ಆಯಿತು. ಆ ಕಾಲದಲ್ಲಿ ಬೆಳ್ಳಂದೂರು ಕೆರೆಯಲ್ಲಿ ಇಳಿದು, ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳ ಎಂಜಿನ್ನಿನಲ್ಲೂ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು.

ಸಾಮಾನ್ಯರ ಕೈಗೆ ಇದು ಬಂದದ್ದು ಯುದ್ಧದ ನಂತರ. ಜನರಲ್ ಮೋಟಾರ್ಸ್ 1938ರಲ್ಲಿ ಹೊರತಂದ 6-71 ಎಂಬ ಡೀಸೆಲ್ ಎಂಜಿನ್ ಎರಡು ಹೊಡೆತದ್ದು. ಆರು ಸಿಲಿಂಡರು, ಒಂದೊಂದೂ 71 ಘನ ಇಂಚು. ಇದು ತಾನಾಗಿ ಗಾಳಿ ಎಳೆದುಕೊಳ್ಳಲಾರದು, ಹಾಗಾಗಿ ಅದಕ್ಕೆ ರೂಟ್ಸ್ ಮಾದರಿಯ ಪಂಪು ಕಡ್ಡಾಯ. ಬಸ್ಸು ಲಾರಿಗಳು ಗುಜರಿಗೆ ಬಂದಾಗ ಕ್ಯಾಲಿಫೋರ್ನಿಯಾದ ಹುಡುಗರು ಆ ಪಂಪುಗಳನ್ನು ಬಿಚ್ಚಿ ತಂದು ತಮ್ಮ ಕಾರುಗಳ ತಲೆಯ ಮೇಲೆ ಕೂರಿಸಿದರು. ಬಾನೆಟ್ ಸೀಳಿಕೊಂಡು ಮೇಲೆದ್ದ ಆ ಪಂಪು ಕಾರಿನ ಪೌರುಷದ ಕುರುಹಾಯಿತು. ಲಾರಿಯಿಂದ ಕಾರಿಗೆ ಹೋದ ತಿದಿ ಈಗ ಮತ್ತೆ ಟ್ರಕ್ಕಿಗೆ ಮರಳಿದೆ, ಅಷ್ಟೆ.

ಟರ್ಬೊ ಬೇರೆ, ಇದು ಬೇರೆ

ನಮ್ಮಲ್ಲಿ ಟರ್ಬೊ ಎಂಬ ಮಾತು ಎಲ್ಲರಿಗೂ ಪರಿಚಿತ. 2022ರಲ್ಲಿ ಬಿಡದಿಯಿಂದ ಹೊರಬಂದ ಟೊಯೋಟ ಹೈಲಕ್ಸ್ ಪಿಕಪ್ಪಿನ 2.8 ಲೀಟರ್ ಡೀಸೆಲ್ ಎಂಜಿನ್ನಿಗೆ ಇರುವುದು ಟರ್ಬೊ. ಅದೂ ಗಾಳಿ ತುರುಕುವ ಪಂಪೇ. ಆದರೆ ಅದನ್ನು ತಿರುಗಿಸುವುದು ಎಂಜಿನ್ನಿನಿಂದ ಹೊರಹೋಗುವ ಬಿಸಿಹೊಗೆ. ವ್ಯರ್ಥವಾಗುವ ಶಕ್ತಿಯನ್ನು ಬಳಸಿಕೊಳ್ಳುವುದರಿಂದ ಟರ್ಬೊ ಮಿತವ್ಯಯಿ. ಆದರೆ ಹೊಗೆಯ ರಭಸ ಕೂಡಿಬರುವ ತನಕ ತುಸು ತಡ ಮಾಡುತ್ತದೆ. ಅದನ್ನು ಕೂರಿಸಲು ಹೊಗೆಕೊಳವೆಯ ವ್ಯವಸ್ಥೆಯನ್ನೇ ಬದಲಿಸಬೇಕು.

ಸೂಪರ್‌ಚಾರ್ಜರ್ ಹಾಗಲ್ಲ. ಬೆಲ್ಟಿನಿಂದ ತಿರುಗುವುದರಿಂದ ಕಾಲಿಟ್ಟೊಡನೆ ಕೆಲಸಕ್ಕೆ ಸಿದ್ಧ. ಅದರಲ್ಲೂ ರೂಟ್ಸ್ ಮತ್ತು ಜೋಡಿ ತಿರುಪಿನ ಮಾದರಿಗಳು ಕಡಿಮೆ ವೇಗದಲ್ಲೇ ಎಳೆತ ಕೊಡುತ್ತವೆ. ಕೇಂದ್ರಾಪಗಾಮಿ ಮಾದರಿಯದು ಎಂಜಿನ್ ಜೋರಾಗಿ ತಿರುಗಿದ ಮೇಲೆ ಮೈಕೊಡವುತ್ತದೆ. ಹೊರೆ ಹೊತ್ತು ನಿಂತಲ್ಲಿಂದ ಹೊರಡಬೇಕಾದ ಟ್ರಕ್ಕಿಗೆ ಮೊದಲಿನ ಎರಡೇ ಹೆಚ್ಚು ಒಗ್ಗುತ್ತವೆ. ಆದರೆ ಒಂದು ದಂಡ ತೆರಬೇಕು. ಪಂಪನ್ನು ತಿರುಗಿಸಲು ಎಂಜಿನ್ನಿನದೇ ಹತ್ತಾರು ಅಶ್ವಶಕ್ತಿ ಖರ್ಚಾಗುತ್ತದೆ. ಗಳಿಸಿದ್ದರಲ್ಲಿ ಒಂದು ಪಾಲು ಗಳಿಸಲೆಂದೇ ಹೋಗುತ್ತದೆ.

ದಿನಬಳಕೆಗೆ ಇದನ್ನು ಸಾಧ್ಯವಾಗಿಸಿರುವುದು ಒಂದು ಪುಟ್ಟ ಕವಾಟ. ಚಾಲಕ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದ್ದಾಗ ಈ ಕವಾಟ ತೆರೆದು, ಪಂಪಿನ ಗಾಳಿ ಅಲ್ಲಿಯೇ ಸುತ್ತಿಕೊಂಡಿರುತ್ತದೆ. ಆಗ ಪಂಪಿಗೂ ಶ್ರಮವಿಲ್ಲ, ಎಂಜಿನ್ನಿಗೂ ಹೊರೆಯಿಲ್ಲ. ಕಾಲು ಗಟ್ಟಿಯಾಗಿ ಒತ್ತಿದಾಗ ಕವಾಟ ಮುಚ್ಚಿಕೊಂಡು ಒತ್ತಡ ಏರುತ್ತದೆ. ಹಾಗಾಗಿ ಒಂದು ಗಂಟೆಯ ಪಯಣದಲ್ಲಿ ಸೂಪರ್‌ಚಾರ್ಜರ್ ನಿಜವಾಗಿ ದುಡಿಯುವುದು ಕೆಲವೇ ನಿಮಿಷ. ಉಳಿದ ಹೊತ್ತು ಟ್ರಕ್ಕು ಮೊದಲಿನ ಟ್ರಕ್ಕೇ.

ಲಾಭವೆಷ್ಟು?

ಲಾಭ ಸಣ್ಣದಲ್ಲ. ಟೊಯೋಟ ಟಂಡ್ರಾ ಎಂಬ ದೊಡ್ಡ ಪಿಕಪ್ಪಿನ 5.7 ಲೀಟರ್ ಎಂಜಿನ್ನಿನದು 381 ಅಶ್ವಶಕ್ತಿ. ಆ ಕಂಪನಿಯದೇ ಪಂದ್ಯ ವಿಭಾಗವಾದ ಟಿಆರ್‌ಡಿ ಮಾರುತ್ತಿದ್ದ ಸೂಪರ್‌ಚಾರ್ಜರನ್ನು ಜೋಡಿಸಿದರೆ ಅದು 504ಕ್ಕೆ ಏರುತ್ತಿತ್ತು. ಮೂರನೆಯ ಒಂದು ಪಾಲು ಹೆಚ್ಚಳ! ತಿರುಗಿಸುವ ಬಲ, ಅಂದರೆ ಟಾರ್ಕ್, ಸುಮಾರು 544 ನ್ಯೂಟನ್ ಮೀಟರಿನಿಂದ 746ಕ್ಕೆ. ಹೊಸ ಎಂಜಿನ್ ಇಲ್ಲ, ಹೊಸ ಟ್ರಕ್ಕಿಲ್ಲ. ನುರಿತ ಮೆಕ್ಯಾನಿಕ್ಕಿನ ಒಂದೆರಡು ದಿನದ ಕೆಲಸ.

ಖರ್ಚೂ ಸಣ್ಣದಲ್ಲ. ಒಳ್ಳೆಯ ಜೋಡಣೆಯೊಂದಕ್ಕೆ ಏಳೆಂಟು ಸಾವಿರ ಡಾಲರಿಗೂ ಮೇಲೆ ಬೀಳುತ್ತದೆ, ಕೂಲಿ ಬೇರೆ. ಇದು ಒಮ್ಮೆ ಕೊಡುವ ಹಣ. ಪ್ರತಿ ವಾರ ಕೊಡುವ ಹಣ ಇನ್ನೊಂದಿದೆ. ಅದನ್ನು ತಿಳಿಯಲು ಬಿಸಿಯ ಕಥೆಯನ್ನು ತಿಳಿಯಬೇಕು.

ಬಿಸಿಯೆಂಬ ಬೇನೆ

ಸೈಕಲ್ಲಿಗೆ ಗಾಳಿ ಹೊಡೆದವರು ಪಂಪಿನ ತಳ ಮುಟ್ಟಿ ನೋಡಿರಬಹುದು. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಚದರ ಇಂಚಿಗೆ 7 ಪೌಂಡು ಒತ್ತಡ ಹೆಚ್ಚಿಸಿದರೆ ಗಾಳಿಯ ಬಿಸಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೊರಗೆ 30 ಡಿಗ್ರಿಯಿದ್ದರೆ ಎಂಜಿನ್ನಿಗೆ ಹೋಗುವುದು 80-90 ಡಿಗ್ರಿಯ ಗಾಳಿ. ಬಿಸಿಗಾಳಿ ಹಿಗ್ಗಿ ಹಗುರಾಗುವುದರಿಂದ ತುರುಕಿದ ಲಾಭ ಅಷ್ಟು ಸೋರಿಹೋಗುತ್ತದೆ. ಒಂದೂವರೆಪಟ್ಟು ಗಾಳಿಯ ಲೆಕ್ಕ ಹಾಕಿದರೂ ಕಸುವು ಒಂದೂವರೆಪಟ್ಟು ಆಗದಿರುವುದು ಇದರಿಂದ, ಮತ್ತು ಬೆಲ್ಟು ನುಂಗುವ ಪಾಲಿನಿಂದ.

ಅದಕ್ಕಿಂತ ದೊಡ್ಡ ಅಪಾಯ ಬೇರೆ. ಸಿಲಿಂಡರಿನೊಳಗೆ ಕಿಡಿ ಹೊತ್ತಿಸಿದ ಉರಿ ಒಂದು ಬದಿಯಿಂದ ಕ್ರಮವಾಗಿ ಹರಡಬೇಕು. ಬಿಸಿಯೂ ಒತ್ತಡವೂ ಮಿತಿಮೀರಿದರೆ ಉರಿ ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಸುತ್ತಿಗೆಯಿಂದ ಬಡಿದಂಥ ಟಕಟಕ ಸದ್ದು ಕೇಳಿಸುತ್ತದೆ, ಪಿಸ್ಟನ್ನಿನ ಮೇಲೆ ಬೀಳುವುದೂ ಸುತ್ತಿಗೆಯ ಪೆಟ್ಟೇ. ಬಹಳ ಹೊತ್ತು ಹೀಗೇ ನಡೆದರೆ ಪಿಸ್ಟನ್ ಬಿರುಕು ಬಿಡುತ್ತದೆ, ರಿಂಗಿನ ಅಂಚು ಮುರಿಯುತ್ತದೆ.

ಇದಕ್ಕೆ ಮೂರು ಮದ್ದು. ಅದುಮಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದು. ಕಿಡಿ ಹಾರುವ ಕ್ಷಣವನ್ನೂ ಇಂಧನದ ಅಳತೆಯನ್ನೂ ಹೊಸದಾಗಿ ಹೊಂದಿಸಿದ ಕಂಪ್ಯೂಟರ್ ಎರಡನೆಯದು. ಮೂರನೆಯದು ಸುಲಭವಾಗಿ ಸಿಡಿಯದ, ಹೆಚ್ಚು ಆಕ್ಟೇನಿನ ಪೆಟ್ರೋಲು. ಅಮೆರಿಕದ ಬಂಕುಗಳಲ್ಲಿ ಸಾಧಾರಣ ಪೆಟ್ರೋಲಿನ ಅಂಕೆ 87. ಸೂಪರ್‌ಚಾರ್ಜರ್ ಹಾಕಿದ ಟ್ರಕ್ಕಿಗೆ 91 ಅಥವಾ ಅದಕ್ಕೂ ಮೇಲಿನದು ಬೇಕು. (ಅಲ್ಲಿನ ಅಂಕೆಯ ಲೆಕ್ಕವೇ ಬೇರೆ. ಅಲ್ಲಿಯ 87 ನಮ್ಮ 91ಕ್ಕೆ ಹತ್ತಿರ ಹತ್ತಿರ ಸಮ.) ವರ್ಷಕ್ಕೆ ಸಾವಿರ ಗ್ಯಾಲನ್ ಸುಡುವ ಟ್ರಕ್ಕಿಗೆ ಗ್ಯಾಲನ್ನಿಗೆ ಅರ್ಧ ಡಾಲರಷ್ಟೇ ಹೆಚ್ಚೆಂದು ಇಟ್ಟುಕೊಂಡರೂ ವರ್ಷಕ್ಕೆ 500 ಡಾಲರು. ಮೇಲಾಗಿ, ಅವಸರದಲ್ಲಿ ಅಗ್ಗದ ಪೆಟ್ರೋಲ್ ತುಂಬಿಸಿ ಭಾರ ಎಳೆದ ಒಂದೇ ಮಧ್ಯಾಹ್ನ ಎಂಜಿನ್ನಿನ ಆಯುಷ್ಯವನ್ನು ಕಡಿದುಹಾಕಬಲ್ಲದು. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಈ ಮಾತು ಗೊತ್ತಿರಬೇಕು.

ಕಾರ್ಖಾನೆ ಕಲಿಸುವ ಪಾಠ

ಗಾಡಿ ತಯಾರಿಸುವವರೇ ಈ ಕೆಲಸಕ್ಕೆ ಕೈಹಾಕಿದಾಗ ಹೇಗೆ ಮಾಡುತ್ತಾರೆಂದು ನೋಡುವುದು ಒಳ್ಳೆಯದು. ಫೋರ್ಡ್ ಕಂಪನಿ 1999ರಿಂದ 2004ರವರೆಗೆ ಎಫ್-150 ಲೈಟ್ನಿಂಗ್ ಎಂಬ ಸೂಪರ್‌ಚಾರ್ಜರ್ ಪಿಕಪ್ ಮಾರಿತು. 5.4 ಲೀಟರಿನ ಎಂಜಿನ್ ಮೊದಲು 360 ಅಶ್ವಶಕ್ತಿ, 2001ರಿಂದ 380 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಫೋರ್ಡ್ ಪಂಪೊಂದನ್ನೇ ಕೂರಿಸಿ ಕೈತೊಳೆದುಕೊಳ್ಳಲಿಲ್ಲ. ಸಿಲಿಂಡರಿನೊಳಗಿನ ಅದುಮುವಿಕೆಯ ಪ್ರಮಾಣವನ್ನು ಸಾಧಾರಣ ಎಂಜಿನ್ನಿಗಿಂತ ಇಳಿಸಿತು, ನೀರಿನಿಂದ ತಣಿಯುವ ಇಂಟರ್‌ಕೂಲರ್ ಇಟ್ಟಿತು, ಭಾರೀ ಟ್ರಕ್ಕುಗಳ ಗೇರುಪೆಟ್ಟಿಗೆಯನ್ನು ತಂದು ಜೋಡಿಸಿತು. ಇಷ್ಟಾದರೂ ಅದು ಓಟಕ್ಕೆಂದು ಮೈತಗ್ಗಿಸಿದ ಗಾಡಿ. ಹೊರೆ ಹೊರುವುದರಲ್ಲಿ ತನ್ನ ಬಡ ಸೋದರರಿಗೆ ಸಮನಾಗಲಿಲ್ಲ. ಇತ್ತೀಚೆಗೆ ರಾಮ್ ಕಂಪನಿ 2021ರಿಂದ 2024ರ ಮಾದರಿಗಳವರೆಗೆ ಮಾರಿದ ಟಿಆರ್‌ಎಕ್ಸ್ ಎಂಬ ಪಿಕಪ್ಪಿನದು 702 ಅಶ್ವಶಕ್ತಿ. ಸರ್ಕಾರಿ ಅಂದಾಜಿನಂತೆ ಅದರ ಮೈಲೇಜು ಗ್ಯಾಲನ್ನಿಗೆ 12 ಮೈಲಿ, ಅಂದರೆ ಲೀಟರಿಗೆ ಐದೇ ಕಿಲೋಮೀಟರು.

ಮನೆಯ ಟ್ರಕ್ಕಿಗೆ ಹೊರಗಿನಿಂದ ಪಂಪು ಕೂರಿಸುವವನು ಒಳಭಾಗಗಳನ್ನು ಬದಲಿಸುವುದಿಲ್ಲ. ಕಾರ್ಖಾನೆ ಇಟ್ಟ ಉಳಿಕೆಯ ಗಟ್ಟಿತನದಲ್ಲಿಯೇ ಸಾಲ ತೆಗೆಯುತ್ತಾನೆ. ಒತ್ತಡ ಮಿತವಾಗಿದ್ದರೆ ಆ ಸಾಲ ತೀರಿಸಬಹುದಾದದ್ದು. ಆದರೆ ಅದನ್ನು ಕೊಡಬೇಕಾದವರು ಎಂಜಿನ್ನಿನಾಚೆಯೂ ಇದ್ದಾರೆ: ಗೇರುಪೆಟ್ಟಿಗೆ, ಆಕ್ಸಲ್, ರೇಡಿಯೇಟರ್, ಪೆಟ್ರೋಲ್ ಪಂಪು.

ಇಲ್ಲಿಯೇ ಹಲವರು ಎಡವುವುದು. ಕಸುವು ಮೂರನೆಯ ಒಂದು ಪಾಲು ಹೆಚ್ಚಿತು, ಇನ್ನು ಟ್ರೇಲರಿನ ತೂಕವನ್ನೂ ಅಷ್ಟು ಹೆಚ್ಚಿಸಬಹುದು ಎಂದುಕೊಳ್ಳುತ್ತಾರೆ. ಇದು ಸುಳ್ಳು ಲೆಕ್ಕ. ಟ್ರಕ್ಕು ಎಷ್ಟು ಎಳೆಯಬಹುದೆಂಬುದನ್ನು ಎಂಜಿನ್ ಒಂದೇ ನಿರ್ಧರಿಸುವುದಿಲ್ಲ. ಚಾಸಿ, ಆಕ್ಸಲ್, ಟೈರು, ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕು ಸೇರಿ ನಿರ್ಧರಿಸುತ್ತವೆ. ಸೂಪರ್‌ಚಾರ್ಜರ್ ಹಾಕಿದ ಟ್ರಕ್ಕು ಬೆಟ್ಟವನ್ನು ಬೇಗ ಹತ್ತುತ್ತದೆ ನಿಜ. ಇಳಿಯುವಾಗ ಅದಕ್ಕಿರುವುದು ಹಳೆಯ ಬ್ರೇಕೇ.

ಹತ್ತುವುದರಲ್ಲೂ ಒಂದು ಇಕ್ಕಟ್ಟಿದೆ. ಐಸೆನ್‌ಹೋವರ್ ಸುರಂಗದ ಏರಿನಲ್ಲಿ ಮೂರು ಟನ್ ಎಳೆಯುವವನಿಗೆ ಸೂಪರ್‌ಚಾರ್ಜರ್ ನಿಜಕ್ಕೂ ಬೇಕು. ಆದರೆ ಎಂಜಿನ್ನಿಗೆ ಅತ್ಯಂತ ಕಠಿಣ ಪರೀಕ್ಷೆಯೂ ಅಲ್ಲಿಯೇ. ಊರಿನ ಸಿಗ್ನಲ್ಲಿನಿಂದ ಹಾರಿ ಹೊರಡುವ ಗಾಡಿಗೆ ಬಿಸಿ ಏರುವುದು ಹತ್ತು ಸೆಕೆಂಡು, ಇಳಿಯಲು ಹತ್ತು ನಿಮಿಷ. ಏರಿನಲ್ಲಿ ಭಾರ ಎಳೆಯುವ ಗಾಡಿಗೆ ಹತ್ತು ನಿಮಿಷವೂ ಬಿಡುವಿಲ್ಲ. ಇಂಟರ್‌ಕೂಲರಿನ ನೀರು ಕಾಯುತ್ತದೆ, ಗೇರಿನ ಎಣ್ಣೆ ಕಾಯುತ್ತದೆ, ತೆಳುಗಾಳಿಯಲ್ಲಿ ರೇಡಿಯೇಟರಿನ ತಂಪೂ ಕಡಿಮೆ. ಬಹಳ ಬೇಕಾದ ಜಾಗದಲ್ಲಿಯೇ ಬಹಳ ಎಚ್ಚರ ಬೇಕಾದ ಯಂತ್ರ ಇದು.

ಪುಲ್ಲಿಯ ಚಪಲ

ಸೂಪರ್‌ಚಾರ್ಜರಿನ ಮುಂದೆ ಬೆಲ್ಟು ಹಾಯುವ ಒಂದು ಪುಲ್ಲಿ ಇರುತ್ತದೆ. ಅದನ್ನು ಬಿಚ್ಚಿ ಸ್ವಲ್ಪ ಚಿಕ್ಕ ಪುಲ್ಲಿ ಹಾಕಿದರೆ ಪಂಪು ಇನ್ನೂ ಜೋರಾಗಿ ತಿರುಗಿ ಒತ್ತಡ ಇನ್ನೂ ಏರುತ್ತದೆ. ಬೆಲೆ ಅಲ್ಪ, ಕೆಲಸ ಒಂದು ಗಂಟೆಯದು. ಮನುಷ್ಯನ ಸ್ವಭಾವ ಕೆಡುವುದು ಇಲ್ಲಿ. ಹೊಸ ಕಸುವು ಒಂದು ತಿಂಗಳು ರೋಮಾಂಚನ ಕೊಡುತ್ತದೆ, ಆಮೇಲೆ ಅದೇ ರೂಢಿಯಾಗುತ್ತದೆ. ಇನ್ನೆರಡು ಪೌಂಡು ಒತ್ತಡ ಸಿಕ್ಕರೆ ಎಂದು ಕೈ ತುರಿಸುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಕಲಿಸದೆ, ಇಂಧನ ಚಿಮ್ಮಿಸುವ ಇಂಜೆಕ್ಟರುಗಳನ್ನು ಬದಲಿಸದೆ ಪುಲ್ಲಿ ಮಾತ್ರ ಚಿಕ್ಕದು ಮಾಡಿದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಉರಿ ಇನ್ನೂ ಬಿಸಿಯೇರುತ್ತದೆ. ಪಿಸ್ಟನ್ ತೂತು ಬೀಳುವುದು ಬಹುಮಟ್ಟಿಗೆ ಹೀಗೆ. ಮೊದಲ ಜೋಡಣೆಗಿಂತ ಎರಡನೆಯ ಆಸೆ ದುಬಾರಿ.

ಕಾನೂನಿನ ಕಟ್ಟು

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ಹೊರಗಿನ ಭಾಗ ಹಾಕಿಸಿದ ಮಾತ್ರಕ್ಕೆ ಇಡೀ ಗಾಡಿಯ ವಾರಂಟಿ ರದ್ದಾಗುವುದಿಲ್ಲ. ಆ ಭಾಗದಿಂದಲೇ ಕೆಟ್ಟಿತೆಂದು ಕಂಪನಿ ತೋರಿಸಬೇಕು. ಕಿಟಕಿಯ ಮೋಟಾರು ಕೆಟ್ಟರೆ ಈ ಕಾಯಿದೆ ನೆರವಿಗೆ ಬರುತ್ತದೆ. ಪಿಸ್ಟನ್ ತೂತಾದರೆ ತೋರಿಸುವುದು ಕಂಪನಿಗೆ ಕಷ್ಟವೇನಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇನ್ನೊಂದು ಕಟ್ಟಿದೆ. ಹೊಗೆಯ ಮಿತಿ ಮೀರುವುದಿಲ್ಲವೆಂದು ಅಲ್ಲಿನ ವಾಯುಸಂಪನ್ಮೂಲ ಮಂಡಲಿಯ ಆದೇಶ ಸಂಖ್ಯೆ ಪಡೆದ ಜೋಡಣೆಯನ್ನಷ್ಟೇ ರಸ್ತೆಯ ಗಾಡಿಗೆ ಹಾಕಿಸಬಹುದು.

ಇದನ್ನೋದಿ ನಮ್ಮೂರಿನ ಗ್ಯಾರೇಜಿಗೆ ಹೊರಡುವವರು ಒಂದು ಮಾತು ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ.

ಹಾಗಾದರೆ ಯಾರಿಗೆ?

ಗಟ್ಟಿಮುಟ್ಟಾದ, ಹೆಚ್ಚು ಓಡದ ಟ್ರಕ್ಕು. ಎತ್ತರದ ನಾಡಿನಲ್ಲಿ ವಾಸ. ಕೆಟ್ಟು ನಿಂತರೆ ಮನೆಯಲ್ಲಿ ಇನ್ನೊಂದು ಗಾಡಿ. ಮೇಲುದರ್ಜೆಯ ಪೆಟ್ರೋಲಿಗೆ ಅಂಜದ ಜೇಬು. ಜೋಡಣೆ ತಯಾರಕರು ಹೇಳಿದ ಒತ್ತಡಕ್ಕೆ ನಿಲ್ಲುವ ಮನಸ್ಸು. ಈ ಐದೂ ಇದ್ದವನು ಹಾಕಿಸಿಕೊಂಡರೆ ವರ್ಷಗಟ್ಟಲೆ ಸುಖವಾಗಿ ಓಡಿಸಬಹುದು. ಹಾಗೆ ಓಡಿಸುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿಸುವ ಮೊದಲು ಪ್ರತಿ ಸಿಲಿಂಡರಿನ ಒತ್ತಡ ಅಳೆಸಿ, ರೇಡಿಯೇಟರು ಗೇರಿನ ಎಣ್ಣೆಗಳನ್ನು ನೋಡಿಸಿ, ಬ್ರೇಕುಗಳನ್ನು ಹೊಸದು ಮಾಡಿಸುವುದು ಜಾಣತನ.

ಎರಡು ಲಕ್ಷ ಮೈಲಿ ಓಡಿ ದಣಿದ ಒಂದೇ ಟ್ರಕ್ಕನ್ನು ನಂಬಿ ಅನ್ನ ದುಡಿಯುವವನ ಲೆಕ್ಕ ಬೇರೆ. ಅದೇ ಹಣದಲ್ಲಿ ಬ್ರೇಕು, ಟೈರು, ಗೇರಿನ ಎಣ್ಣೆ ತಣಿಸುವ ಕೂಲರು, ಬೇಕಿದ್ದರೆ ಏರಿಗೆ ಹೊಂದುವ ಹಿಂದಿನ ಆಕ್ಸಲ್ಲಿನ ಗೇರು, ಎಲ್ಲವನ್ನೂ ಸರಿಪಡಿಸಿಕೊಂಡು ಮಿಕ್ಕದ್ದನ್ನು ಬ್ಯಾಂಕಿನಲ್ಲಿ ಇಡಬಹುದು. ಟ್ರಕ್ಕು ನಿಧಾನವಾಗಿ ಬೆಟ್ಟ ಹತ್ತುತ್ತದೆ, ಆದರೆ ನಾಳೆಯೂ ಹತ್ತುತ್ತದೆ.

ಕುಲುಮೆಯಲ್ಲಿ ತಿದಿ ಒತ್ತುವುದನ್ನು ಯಾವ ಹುಡುಗನೂ ಒಂದು ದಿನದಲ್ಲಿ ಕಲಿಯುತ್ತಾನೆ. ಯಾವಾಗ ನಿಲ್ಲಿಸಬೇಕೆಂಬುದಕ್ಕೆ ವರ್ಷಗಳು ಬೇಕು, ಏಕೆಂದರೆ ಅತಿಯಾಗಿ ಊದಿದರೆ ಕಬ್ಬಿಣವೂ ಕಿಡಿ ಕಿಡಿಯಾಗಿ ಸುಟ್ಟುಹೋಗುತ್ತದೆ. ಗಾಳಿ ಪುಕ್ಕಟೆಯೇ ಇರಬಹುದು. ಅದನ್ನು ತುರುಕುವುದು ಪುಕ್ಕಟೆಯಲ್ಲ.